ಕೊಡೈಕಾನಲ್ಲಿನ ಸೂರ್ಯಾಸ್ತವೂ ಧಾತು-ಈಶ್ವರದ ಬರವೂ

ಎಪ್ಪತ್ತೆಂಟು ದಾಟಿದ ಮೇಲೆ ಬೆಟ್ಟ ಹತ್ತುವ ಆಸೆಯನ್ನು ಬಾಯಿಬಿಟ್ಟು ಹೇಳಬಾರದು. ಹೇಳಿದರೆ ಮನೆಯವರೆಲ್ಲ ಮೊದಲು ಮೊಣಕಾಲಿನ ಸಂಗತಿಯನ್ನೇ ಎತ್ತುತ್ತಾರೆ. ಆದರೂ 2024ರ ಸಂಕ್ರಾಂತಿಯ ಆಸುಪಾಸಿನಲ್ಲಿ ಮೊಮ್ಮಗಳು, "ತಾತ, ಕೊಡೈಕಾನಲ್‌ಗೆ ಹೋಗೋಣ, ಕಾರಿನಲ್ಲೇ ಮೇಲಿನವರೆಗೂ ಹೋಗಬಹುದು" ಎಂದಾಗ ನಾನು ಎರಡನೆಯ ಮಾತಿಲ್ಲದೆ ಒಪ್ಪಿಕೊಂಡೆ. ಅವಳ ಉದ್ದೇಶ ಮೋಡಗಳ ಮೇಲಿನ ಸೂರ್ಯಾಸ್ತವನ್ನು ನೋಡುವುದು. ನನ್ನ ಉದ್ದೇಶ ಬೇರೆಯದಿತ್ತು. ಅಲ್ಲಿನ ಸೌರ ವೀಕ್ಷಣಾಲಯವನ್ನು ಒಮ್ಮೆ ಕಣ್ಣಾರೆ ಕಾಣಬೇಕೆಂಬ ಬಯಕೆ ನನ್ನಲ್ಲಿ ಬಹಳ ವರ್ಷಗಳಿಂದ ಉಳಿದಿತ್ತು. ಅದಕ್ಕೂ ನಮ್ಮ ಕೋಲಾರ ಸೀಮೆಗೂ, ಅಷ್ಟೇಕೆ, ನಮ್ಮ ಮನೆತನಕ್ಕೂ ಒಂದು ನಂಟಿದೆಯೆಂದರೆ ಓದುಗರು ನಗಬಹುದು. ನಂಟು ಇದೆ. ಅದನ್ನು ಹೇಳುವುದಕ್ಕೇ ಈ ಬರಹ.

ಬೆಂಗಳೂರಿನಿಂದ ಸೇಲಂ, ದಿಂಡಿಗಲ್ ಮಾರ್ಗವಾಗಿ ಬತ್ತಲಗುಂಡು ದಾಟಿದ ಮೇಲೆ ಘಟ್ಟದ ದಾರಿ ತೊಡಗುತ್ತದೆ. ಪಳನಿ ಬೆಟ್ಟಗಳ ಈ ಸಾಲು ಪಶ್ಚಿಮ ಘಟ್ಟದಿಂದ ಪೂರ್ವಕ್ಕೆ ಚಾಚಿದ ಒಂದು ತೋಳು. ಅದರ ದಕ್ಷಿಣದ ಮಗ್ಗುಲು ಗೋಡೆಯಂತೆ ಕಡಿದಾಗಿ ವೈಗೈ ನದಿಯ ಬಯಲಿಗೆ ಇಳಿದಿದೆ. ಪಟ್ಟಣದಿಂದ ಪಶ್ಚಿಮಕ್ಕೆ ಆ ಅಂಚನ್ನು ಹಿಡಿದೇ ಸಾಗುವ ರಸ್ತೆಯಲ್ಲಿ ಅಲ್ಲಲ್ಲಿ ನೋಟದ ಕಟ್ಟೆಗಳಿವೆ. ಸಂಜೆ ಐದೂವರೆಗೆ ನಾವು ಅಂಥದೊಂದು ಕಂಬಿಯ ಬಳಿ ನಿಂತೆವು. ಸುಟ್ಟ ಜೋಳದ ತೆನೆ ಮಾರುವವನೊಬ್ಬ, ಅವನ ಸುತ್ತ ಕೋತಿಗಳು, ಕೈಯೆತ್ತಿ ಮೊಬೈಲು ಹಿಡಿದ ಐವತ್ತು-ಅರವತ್ತು ಜನ.

ಬಯಲು ಕಾಣುತ್ತಿರಲಿಲ್ಲ. ನಮ್ಮ ಕಾಲಿನ ಕೆಳಗೆ ಅರಳೆ ಹಿಂಜಿ ಹರಡಿದಂಥ ಮೋಡದ ನೆಲ ದಿಗಂತದವರೆಗೆ ಚಾಚಿತ್ತು. ಅದರ ಮೇಲೆ ಕೇರಳದ ಗಡಿಯ ಬೆಟ್ಟಗಳ ನೆತ್ತಿಗಳಷ್ಟೇ ದ್ವೀಪಗಳಂತೆ ಎದ್ದು ನಿಂತಿದ್ದವು. ಉತ್ತರಾಯಣ ತೊಡಗಿದ್ದರೂ ಸೂರ್ಯನಿನ್ನೂ ತೆಂಕಣಕ್ಕೆ ವಾಲಿಯೇ ಮುಳುಗುವ ದಿನಗಳು. ಆದ್ದರಿಂದ ಅವನು ನಮ್ಮ ಬಲಗಡೆಗೆ, ನೈರುತ್ಯದ ದಿಕ್ಕಿನಲ್ಲಿ ಇಳಿಯುತ್ತಿದ್ದ. ಮೋಡದ ನೆಲವನ್ನು ಸಮೀಪಿಸಿದಂತೆಲ್ಲ ಬಿಂಬ ದುಂಡಗೆ ಉಳಿಯದೆ ಅಡ್ಡಕ್ಕೆ ಅಗಲವಾಗಿ, ಹಿಸುಕಿದ ನಿಂಬೆಹಣ್ಣಿನ ಆಕಾರ ತಾಳಿತು. ನನ್ನ ಮೇಷ್ಟರಿಕೆ ಅಲ್ಲಿಯೂ ಬಿಡಲಿಲ್ಲ. ಸಮುದ್ರದ ತೀರದಲ್ಲಿ ನಿಂತು ನೋಡುವಾಗ ಸೂರ್ಯನ ಕೆಳಗಿನ ಅಂಚು ನೀರನ್ನು ಮುಟ್ಟಿತೆಂದು ಕಾಣುವ ಹೊತ್ತಿಗೆ ನಿಜವಾದ ಸೂರ್ಯ ಆಗಲೇ ಪೂರ್ತಿಯಾಗಿ ದಿಗಂತದ ಕೆಳಗೆ ಹೋಗಿರುತ್ತಾನೆ, ಗಾಳಿಯು ಬೆಳಕನ್ನು ಬಾಗಿಸುವುದರಿಂದ ಇಲ್ಲದ ಸೂರ್ಯನನ್ನು ನಾವು ಇದ್ದಾನೆಂದು ನೋಡುತ್ತಿರುತ್ತೇವೆ ಎಂದು ಮೊಮ್ಮಗಳಿಗೆ ಹೇಳಿದೆ. ಎತ್ತರದಲ್ಲಿ ನಿಂತವರಿಗೆ ದಿಗಂತವೂ ತಗ್ಗುತ್ತದೆ. ಹಾಗಾಗಿ ಬಯಲಿನವರಿಗೆ ಕತ್ತಲಾದ ಮೇಲೂ ಬೆಟ್ಟದವರಿಗೆ ಕೆಲವು ನಿಮಿಷ ಸೂರ್ಯ ಹೆಚ್ಚಾಗಿ ದಕ್ಕುತ್ತಾನೆ. ಅವಳು, "ಒಳ್ಳೆಯ ಲಾಭ ತಾತ" ಎಂದು ನಕ್ಕು ಮತ್ತೆ ಚಿತ್ರ ತೆಗೆಯಲು ತೊಡಗಿದಳು.

ಆರೂಕಾಲರ ಸುಮಾರಿಗೆ ಬಿಂಬ ಮೋಡದೊಳಗೆ ಇಳಿಯಿತು. ಜನರೆಲ್ಲ ಒಮ್ಮೆ ಹೋ ಎಂದರು. ನಾನು ಸುಮ್ಮನಿದ್ದೆ. ಆ ಹೊತ್ತಿನಲ್ಲಿ ನನ್ನ ಮನಸ್ಸಿನಲ್ಲಿ ಇದ್ದದ್ದು ಬೆಳಿಗ್ಗೆ ಕಂಡ ವೀಕ್ಷಣಾಲಯವೂ, ಅದು ಹುಟ್ಟುವುದಕ್ಕೆ ಕಾರಣವಾದ ಬರಗಾಲವೂ.

ನಮ್ಮಜ್ಜಿಯ ತಾಯಿ, ಎಂದರೆ ನನ್ನ ಮುತ್ತಜ್ಜಿ, ಮುಳಬಾಗಿಲು ಕಡೆಯ ಹಳ್ಳಿಯವಳು. ಧಾತು ಸಂವತ್ಸರದಲ್ಲಿ, ಅಂದರೆ 1876ರಲ್ಲಿ, ಅವಳಿಗೆ ಆರೋ ಏಳೋ ವರ್ಷ. ಆ ವರ್ಷ ಮಳೆ ಹೋಯಿತು. ಮರುವರ್ಷ ಈಶ್ವರ ಸಂವತ್ಸರ. ಆಗಲೂ ಬರ ಬಿಡಲಿಲ್ಲ. ಹಳೆಯ ಮೈಸೂರು ಸೀಮೆಯ ಮುದುಕರು "ಧಾತು-ಈಶ್ವರದ ಬರ" ಎಂದು ಒಂದೇ ಉಸಿರಿನಲ್ಲಿ ಹೇಳುತ್ತಿದ್ದದ್ದು ಇದನ್ನೇ. ದನ ಸತ್ತ ಮೇಲೆ ಮುತ್ತಜ್ಜಿಯ ತಂದೆ ಹೆಂಡತಿ, ಮಗಳು ಮತ್ತು ಮಗನನ್ನು ಕರೆದುಕೊಂಡು ಮದರಾಸಿನ ಹೆದ್ದಾರಿ ಹಿಡಿದು ಬೆಂಗಳೂರಿನ ಗಂಜಿಕೇಂದ್ರಕ್ಕೆಂದು ನಡೆದ. ಕೋಲಾರ ದಾಟಿದರು. ಹೊಸಕೋಟೆಯ ಕೆರೆ ಏರಿಯ ಹತ್ತಿರ ಹುಡುಗ ಕುಳಿತವನು ಏಳಲಿಲ್ಲ. ಮೂವರು ಬೆಂಗಳೂರು ತಲಪಿದರು. ಆ ಹುಡುಗನ ಹೆಸರೂ ಈಗ ನಮ್ಮ ಮನೆಯಲ್ಲಿ ಯಾರಿಗೂ ತಿಳಿದಿಲ್ಲ. ಅಜ್ಜಿಗೆ ತಿಳಿದಿತ್ತು, ನಾನು ಕೇಳಿಕೊಳ್ಳಲಿಲ್ಲ.

ಅಜ್ಜಿ ಈ ಕಥೆಯನ್ನು ಹೇಳುವಾಗಲೆಲ್ಲ ಕೊನೆಗೆ ತನ್ನ ತಾಯಿಯ ಒಂದು ಮಾತನ್ನು ಸೇರಿಸುತ್ತಿದ್ದಳು. "ಮಳೆ ಬರ್ಲಿಲ್ಲ ಕಣಪ್ಪ, ಅದು ದಿಟ. ಆದ್ರೆ ಸಂತೇಲಿ ರಾಗಿ ಇತ್ತು. ನಮ್ಮ ಕೈಯಲ್ಲಿ ಕಾಸಿರ್ಲಿಲ್ಲ."

ಇದನ್ನು ನಾನು ಹತ್ತಾರು ಬಾರಿ ಕೇಳಿದ್ದೇನೆ. ಕೇಳಿಯೂ ಕೇಳದವನಾಗಿದ್ದೆ. ಪ್ರೌಢಶಾಲೆಯಲ್ಲಿ ಸಮಾಜ ಪಾಠ ಹೇಳುತ್ತಿದ್ದ ಕಾಲದಲ್ಲಿ, ಸುಮಾರು ನಲವತ್ತು ವರ್ಷಗಳ ಹಿಂದೆ, ಕಿರುಪರೀಕ್ಷೆಯೊಂದರಲ್ಲಿ "1876-78ರ ಮಹಾಕ್ಷಾಮಕ್ಕೆ ಕಾರಣವೇನು?" ಎಂಬ ಎರಡು ಅಂಕದ ಪ್ರಶ್ನೆ ಕೊಟ್ಟಿದ್ದೆ. ನಾನು ಬರೆಸಿದ್ದ ಉತ್ತರ "ಸತತವಾಗಿ ಮಳೆ ಬಾರದಿದ್ದುದು" ಎಂಬುದು. ಹಳ್ಳಿಯ ಹುಡುಗನೊಬ್ಬ, "ಧಾನ್ಯ ಇದ್ದರೂ ಬಡವರಿಗೆ ಕೊಳ್ಳಲು ಹಣ ಇರಲಿಲ್ಲವೆಂದು ನಮ್ಮ ಅವ್ವ ಹೇಳುತ್ತಾಳೆ" ಎಂದು ಬರೆದಿದ್ದ. ನಾನು ಕೆಂಪು ಶಾಯಿಯಲ್ಲಿ ಗೀಟು ಎಳೆದು ಸೊನ್ನೆ ಕೊಟ್ಟೆ. ಪಕ್ಕದಲ್ಲಿ "ಪಾಠ ಓದು" ಎಂದೂ ಬರೆದೆ. ನಮ್ಮಜ್ಜಿಯ ಮಾತೇ ಅದು ಎಂಬುದು ಆಗ ಹೊಳೆಯಲೂ ಇಲ್ಲ.

ಈಗ ಆ ಬರದ ಸಂಗತಿಗೆ ಬರೋಣ. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ ಸುಮಾರು 50 ಲಕ್ಷ 55 ಸಾವಿರ. ಹತ್ತು ವರ್ಷದ ಅನಂತರ, 1881ರಲ್ಲಿ ಎಣಿಸಿದಾಗ ಸುಮಾರು 41 ಲಕ್ಷ 86 ಸಾವಿರ. ಹುಟ್ಟಬೇಕಾಗಿದ್ದು ಹುಟ್ಟದೆ ಹೋದವರನ್ನು ಬಿಟ್ಟರೂ ಎಂಟೂವರೆ ಲಕ್ಷಕ್ಕೂ ಮೀರಿದ ಕೊರತೆ. ಆಗ ಸಂಸ್ಥಾನ ಬ್ರಿಟಿಷ್ ಕಮಿಷನರರ ಆಡಳಿತದಲ್ಲಿತ್ತು. 1881ರಲ್ಲಿ ಚಾಮರಾಜ ಒಡೆಯರಿಗೆ ರಾಜ್ಯವನ್ನು ಹಿಂದಿರುಗಿಸುವಾಗ ಈ ಬರದ ಲೆಕ್ಕದಲ್ಲಿ 80 ಲಕ್ಷ ರೂಪಾಯಿಯ ಸಾಲವೂ ಅದರ ಜೊತೆಗೇ ಬಂತು. ರೈಲಿತ್ತೇ ಎಂದರೆ ಇತ್ತು. ಮದರಾಸಿನ ಕಡೆಯ ರೈಲು 1864ರಲ್ಲಿಯೇ ಬೆಂಗಳೂರಿಗೆ ಬಂದಿತ್ತು. ನಮ್ಮ ಕೋಲಾರ ಜಿಲ್ಲೆಯನ್ನು ಹಾದೇ ಬಂದಿತ್ತು. ಆದರೆ ರೈಲು ಧಾನ್ಯವನ್ನು ಬೆಲೆ ಹೆಚ್ಚಿರುವಲ್ಲಿಗೆ ಒಯ್ಯುತ್ತದೆ, ಹಸಿವು ಹೆಚ್ಚಿರುವಲ್ಲಿಗೆ ಒಯ್ಯುವುದಿಲ್ಲ. ಬೆಂಗಳೂರಿನಿಂದ ಆಚೆಗೆ ಮೂಟೆ ಸಾಗಿಸಲು ಗಾಡಿ ಬೇಕು, ಗಾಡಿಗೆ ಎತ್ತು ಬೇಕು, ಎತ್ತುಗಳು ಮೇವಿಲ್ಲದೆ ಸಾಯುತ್ತಿದ್ದವು.

ಮೇಲಿನವರು ಏನು ಮಾಡುತ್ತಿದ್ದರು? 1877ರ ಜನವರಿ 1ರಂದು ವೈಸರಾಯ್ ಲಿಟ್ಟನ್ ದೆಹಲಿಯಲ್ಲಿ ದರ್ಬಾರು ನಡೆಸಿ ವಿಕ್ಟೋರಿಯಾ ರಾಣಿಯನ್ನು ಭಾರತದ ಚಕ್ರವರ್ತಿನಿಯೆಂದು ಸಾರಿದ. ಅದೇ ತಿಂಗಳು ಬರದ ಖರ್ಚನ್ನು ಬಿಗಿ ಹಿಡಿಯಲೆಂದು ಸರ್ ರಿಚರ್ಡ್ ಟೆಂಪಲ್‌ನನ್ನು ಮದರಾಸಿಗೆ ಕಳುಹಿಸಿದ. ಕಾಮಗಾರಿಯಲ್ಲಿ ದುಡಿಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯದ ಬೆಲೆ, ಮೇಲೆ ಒಂದಾಣೆ. ಇದು ಚರಿತ್ರೆಯಲ್ಲಿ "ಟೆಂಪಲ್ ಕೂಲಿ" ಎಂದೇ ಹೆಸರಾಗಿದೆ. ಒಂದು ಪೌಂಡೆಂದರೆ ಅರ್ಧ ಕಿಲೋಗೂ ಕಡಿಮೆ. ಕಲ್ಲು ಒಡೆಯುವವನಿಗೆ ಇದು ಸಾಲದೆಂದು ಮದರಾಸಿನ ಆರೋಗ್ಯ ಕಮಿಷನರ್ ಡಾಕ್ಟರ್ ಕಾರ್ನಿಷ್ ಬಲವಾಗಿ ವಾದಿಸಿದ. ಕೆಲವು ತಿಂಗಳ ಮೇಲೆ ಕೂಲಿ ಏರಿತು. ಅಷ್ಟರಲ್ಲಿ ಎಷ್ಟೋ ಜನ ಹೋಗಿದ್ದರು. ಈ ಅವಧಿಯಲ್ಲಿಯೂ ಭಾರತದ ಬಂದರುಗಳಿಂದ ಇಂಗ್ಲೆಂಡಿಗೆ ಗೋಧಿಯ ರಫ್ತು ನಿಲ್ಲಲಿಲ್ಲ. ಮಾರುಕಟ್ಟೆಗೆ ಕೈ ಹಾಕಬಾರದೆಂಬುದು ಆ ಸರ್ಕಾರದ ಸಿದ್ಧಾಂತವಾಗಿತ್ತು. ಮದರಾಸಿನ ಪತ್ರಕರ್ತ ವಿಲಿಯಂ ಡಿಗ್ಬಿ 1878ರಲ್ಲಿ ಈ ಬರವನ್ನು ಕುರಿತು ಎರಡು ಸಂಪುಟಗಳ ಪುಸ್ತಕವನ್ನೇ ಬರೆದ, ಅದರಲ್ಲಿ ಮೈಸೂರಿನ ಸಂಗತಿಯೂ ಇದೆ. ನಿವೃತ್ತನಾದ ಮೇಲೆ ಅದನ್ನು ಓದುವಾಗ ನನಗೆ ಆ ಕೆಂಪು ಶಾಯಿಯ ಗೀಟು ನೆನಪಾಯಿತು. ಪುಸ್ತಕ ಮುಚ್ಚಿಟ್ಟು ಎರಡು ದಿನ ತೆಗೆಯಲಿಲ್ಲ.

ಇಷ್ಟಕ್ಕೂ ಸೂರ್ಯನೇಕೆ ಇಲ್ಲಿಗೆ ಬಂದ? ಸೂರ್ಯಬಿಂಬದ ಮೇಲೆ ಕಪ್ಪು ಕಲೆಗಳು ಕಾಣುತ್ತವೆಂಬುದು ದೂರದರ್ಶಕ ಬಂದಾಗಿನಿಂದ ತಿಳಿದಿತ್ತು. ಅವು ಹೆಚ್ಚು ಕಡಿಮೆಯಾಗುವುದಕ್ಕೆ ಒಂದು ಸುತ್ತು ಇದೆಯೆಂದು ಜರ್ಮನಿಯ ಶ್ವಾಬೆ 1843ರಲ್ಲಿ ಪ್ರಕಟಿಸಿದ. ಆ ಸುತ್ತು ಸರಾಸರಿ ಹನ್ನೊಂದು ವರ್ಷದ್ದು. ದಕ್ಷಿಣ ಭಾರತದಲ್ಲಿ ಜನ ಸಾಯುತ್ತಿದ್ದ ವರ್ಷಗಳಲ್ಲಿ ಸೂರ್ಯಕಲೆಗಳು ತೀರ ಕಡಿಮೆಯಾಗಿದ್ದವು. ಸರ್ಕಾರದ ಅಂಕಿಅಂಶಗಳ ಮುಖ್ಯಾಧಿಕಾರಿ ವಿಲಿಯಂ ಹಂಟರ್ ಮದರಾಸಿನ ಹಳೆಯ ಮಳೆಲೆಕ್ಕವನ್ನು ತೆಗೆದು, ಕಲೆ ಕಡಿಮೆಯಾದಾಗ ಮಳೆಯೂ ಕಡಿಮೆಯಾಗುತ್ತದೆ, ಬರವೂ ಆ ಸುತ್ತನ್ನೇ ಅನುಸರಿಸುತ್ತದೆ ಎಂದು ವಾದಿಸಿದ. ಹೆಸರಾಂತ ಖಗೋಳವಿಜ್ಞಾನಿ ನಾರ್ಮನ್ ಲಾಕ್ಯರ್ ಮತ್ತು ಹಂಟರ್ ಇಬ್ಬರೂ ಕೂಡಿ "ಸೂರ್ಯಕಲೆಗಳು ಮತ್ತು ಕ್ಷಾಮಗಳು" ಎಂಬ ಲೇಖನವನ್ನು 1877ರ ನವೆಂಬರಿನಲ್ಲಿ ಲಂಡನ್ನಿನ ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು.

ಲಾಕ್ಯರ್ ದೊಡ್ಡ ವಿಜ್ಞಾನಿ. ಸೂರ್ಯನ ಬೆಳಕಿನಲ್ಲಿ ಹೀಲಿಯಂ ಧಾತುವಿನ ಗುರುತನ್ನು ಕಂಡವರಲ್ಲಿ ಒಬ್ಬ. ಅವನ ಪ್ರಾಮಾಣಿಕತೆಯನ್ನು ನಾನು ಶಂಕಿಸುವುದಿಲ್ಲ. ಕಲೆಗಳ ಲೆಕ್ಕದಿಂದ ಮುಂದಿನ ಬರವನ್ನು ಮೊದಲೇ ಅರಿಯಬಹುದಾದರೆ ಜನರನ್ನು ಉಳಿಸಬಹುದೆಂದು ಅವನು ನಂಬಿದ್ದ. ಆದರೆ ಆಳುವವರಿಗೆ ಈ ವಾದ ಎಷ್ಟು ಹಿತವಾಗಿ ಕೇಳಿಸಿರಬೇಕೆಂಬುದನ್ನು ಊಹಿಸಿಕೊಳ್ಳಿ. ತಪ್ಪು ಒಂಬತ್ತು ಕೋಟಿ ಮೈಲಿ ಆಚೆಗೆ ಹೋಯಿತು. ಅಲ್ಲಿಗೆ ಯಾರೂ ಅರ್ಜಿ ಹಾಕುವಂತಿಲ್ಲ.

ಲಾಕ್ಯರನ ಒತ್ತಾಯದಿಂದ 1878ರಲ್ಲಿ ಡೆಹ್ರಾಡೂನಿನಲ್ಲಿ ಸೂರ್ಯನ ನಿತ್ಯ ಛಾಯಾಚಿತ್ರಗಳನ್ನು ತೆಗೆಯುವ ಏರ್ಪಾಡಾಯಿತು. ದಕ್ಷಿಣದಲ್ಲಿಯೂ ಎತ್ತರದ ಜಾಗವೊಂದು ಬೇಕೆಂಬ ಅಭಿಪ್ರಾಯ ಬಲಿಯುತ್ತ ಬಂತು. ಆಗ ಮದರಾಸಿನಲ್ಲಿ ನಾರ್ಮನ್ ಪಾಗ್ಸನ್ ಸರ್ಕಾರದ ಖಗೋಳಜ್ಞ. ನಕ್ಷತ್ರಗಳ ಪ್ರಭೆಯನ್ನು ಅಳೆಯಲು ಇಂದಿಗೂ ಬಳಸುವ ಮಾನವನ್ನು ಗೊತ್ತುಮಾಡಿದವನು ಅವನೇ. ಬಯಲಿನ ಧಗೆ ಮತ್ತು ಮಬ್ಬಿನಲ್ಲಿ ಕೆಲಸ ನಡೆಯದೆಂದು ಅವನೂ ಬೆಟ್ಟದ ಮೇಲೆ ದೊಡ್ಡ ದೂರದರ್ಶಕ ಬೇಕೆಂದು ಬೇಡಿಕೆ ಇಟ್ಟಿದ್ದ. 1891ರಲ್ಲಿ ಅವನು ತೀರಿಕೊಂಡ.

ಅವನ ಸ್ಥಾನಕ್ಕೆ ಬಂದ ಚಾರ್ಲ್ಸ್ ಮಿಚಿ ಸ್ಮಿತ್ ನನಗೆ ಪ್ರಿಯನಾದ ವ್ಯಕ್ತಿ, ಬಹುಶಃ ಅವನೂ ಮೇಷ್ಟರಾಗಿದ್ದನೆಂಬ ಕಾರಣಕ್ಕೆ. ಮದರಾಸಿನ ಕ್ರಿಶ್ಚಿಯನ್ ಕಾಲೇಜಿನಲ್ಲಿ ಅಧ್ಯಾಪಕ. ಅವನು ಸೂರ್ಯನ ಕಡೆಗೆ ತಿರುಗಿದ್ದಕ್ಕೆ ಒಂದು ಸೊಗಸಾದ ಹಿನ್ನೆಲೆಯೂ ಇದೆ. 1883ರ ಆಗಸ್ಟ್ 27ರಂದು ಜಾವಾ ಮತ್ತು ಸುಮಾತ್ರಾ ನಡುವಿನ ಕ್ರಕಟೋವಾ ಜ್ವಾಲಾಮುಖಿ ಸಿಡಿಯಿತು. ಅದರ ಬೂದಿ ಮತ್ತು ಅನಿಲ ಬಾನಿನ ಎತ್ತರಕ್ಕೇರಿ ಭೂಮಿಯನ್ನೇ ಸುತ್ತಿದವು. ಸೆಪ್ಟೆಂಬರಿನ ಎರಡನೆಯ ವಾರದಲ್ಲಿ ಸಿಂಹಳದಲ್ಲಿಯೂ ಮದರಾಸಿನ ಕಡೆಯಲ್ಲಿಯೂ ಸೂರ್ಯ ಹಸಿರಾಗಿ ಹುಟ್ಟಿ ಹಸಿರಾಗಿ ಮುಳುಗಿದ. ಏಳೇ ವರ್ಷದ ಹಿಂದೆ ಅಂಥ ಬರವನ್ನು ಉಂಡ ಜನ ಹಸಿರು ಸೂರ್ಯನನ್ನು ಕಂಡು ಎಷ್ಟು ಹೆದರಿರಬಹುದು! ಮಿಚಿ ಸ್ಮಿತ್ ಹೆದರದೆ ರೋಹಿತದರ್ಶಕವನ್ನು ಹಿಡಿದು ಆ ಬೆಳಕನ್ನು ಬಣ್ಣಬಣ್ಣಗಳಾಗಿ ಬಿಡಿಸಿ ನೋಡಿ, ಯಾವ ಬಣ್ಣ ಎಲ್ಲಿ ಕುಂದಿದೆ ಎಂದು ಬರೆದಿಟ್ಟ. ಅವನ ವರದಿ ಎಡಿನ್‌ಬರೋದ ವಿದ್ವತ್ ಸಂಸ್ಥೆಯ ಸಂಪುಟದಲ್ಲಿ ಅಚ್ಚಾಯಿತು.

ಪಳನಿ ಮತ್ತು ನೀಲಗಿರಿ ಬೆಟ್ಟಗಳನ್ನು ಸುತ್ತಿ, ಎಲ್ಲಿ ಆಕಾಶ ಹೆಚ್ಚು ದಿನ ನಿರ್ಮಲವಾಗಿರುತ್ತದೆಂದು ಪರೀಕ್ಷಿಸಿದವನು ಇವನೇ. ಅವನ ಆಯ್ಕೆ ಕೊಡೈಕಾನಲ್. 1893ರಲ್ಲಿ ಲಾರ್ಡ್ ಕೆಲ್ವಿನ್ ಅಧ್ಯಕ್ಷತೆಯ ಸಮಿತಿ ಲಂಡನ್ನಿನಲ್ಲಿ ಅದನ್ನು ಒಪ್ಪಿತು. 1895ರಲ್ಲಿ ಮದರಾಸಿನ ಗವರ್ನರ್ ವೆನ್ಲಾಕ್ ಅಡಿಗಲ್ಲು ಇಟ್ಟ. 1899ರ ಏಪ್ರಿಲ್ 1ರಿಂದ ಅದು ಭಾರತ ಸರ್ಕಾರದ ಹವಾಮಾನ ಇಲಾಖೆಯ ಅಂಗವಾಗಿ ಕೆಲಸ ತೊಡಗಿತು. ಮೋಟಾರು ರಸ್ತೆ ಆಗಿನ್ನೂ ಇರಲಿಲ್ಲ. ಬೆಟ್ಟದ ಬುಡದವರೆಗೆ ಎತ್ತಿನ ಗಾಡಿ, ಅಲ್ಲಿಂದ ಮೇಲಕ್ಕೆ ಕಾಲುಹಾದಿ. ಗಾಜಿನ ಮಸೂರಗಳೂ ಕಬ್ಬಿಣದ ಸ್ತಂಭಗಳೂ ಕೂಲಿಯವರ ಹೆಗಲ ಮೇಲೆ ಏರಿದವು. ಆ ಕೂಲಿಯವರ ತಂದೆತಾಯಿಗಳು ಬರವನ್ನು ಕಂಡವರೇ ಆಗಿರಬೇಕು.

ಬೆಳಿಗ್ಗೆ ನಾವು ಹೋದಾಗ ಅಲ್ಲಿ ಚಳಿಯೂ ಬಿಸಿಲೂ ಒಟ್ಟಿಗಿದ್ದವು. ಸಮುದ್ರಮಟ್ಟದಿಂದ 2,343 ಮೀಟರ್ ಎತ್ತರ. ಗಾಳಿಯ ಹೊದಿಕೆಯ ಹೆಚ್ಚುಕಡಿಮೆ ಕಾಲುಭಾಗ ಇಲ್ಲಿಂದ ಕೆಳಗೇ ಉಳಿಯುತ್ತದೆ. ಧೂಳು ಮತ್ತು ಮಬ್ಬು ಇರುವುದೂ ಆ ಭಾಗದಲ್ಲೇ ಹೆಚ್ಚು. ನೆಲ ಕಾಯುವ ಮೊದಲು, ಬೆಳಗಿನ ಒಂದೆರಡು ಗಂಟೆಗಳಲ್ಲಿ ಬಿಂಬ ಅಲುಗದೆ ನಿಲ್ಲುತ್ತದೆ. ಆದ್ದರಿಂದ ಇಲ್ಲಿನ ಮುಖ್ಯ ಕೆಲಸವೆಲ್ಲ ಬೆಳಿಗ್ಗೆಯೇ. ಸಣ್ಣ ವಸ್ತುಸಂಗ್ರಹಾಲಯವೊಂದಿದೆ. ಕತ್ತಲ ಕೋಣೆಯಲ್ಲಿ ಸೂರ್ಯನ ಜೀವಂತ ಬಿಂಬವನ್ನೂ, ಅವನ ಬೆಳಕಿನ ರೋಹಿತವನ್ನೂ ತೋರಿಸುತ್ತಾರೆ. ಬಿಂಬದ ಮೇಲೆ ಅಂದು ನಾಲ್ಕಾರು ಕಲೆಗಳಿದ್ದವು. ಸಾಸಿವೆಯಷ್ಟು ಚಿಕ್ಕವು. ಇವುಗಳ ಮೇಲೆಯೇ ಅಲ್ಲವೇ ನಮ್ಮವರ ಸಾವನ್ನು ಹೊರಿಸಿದ್ದು ಎಂದುಕೊಂಡೆ. ವಿವರಿಸುತ್ತಿದ್ದ ಹುಡುಗಿ, "ಏನಾದರೂ ಕೇಳಬೇಕೇ ಸರ್?" ಎಂದಳು. ಏನೆಂದು ಕೇಳುವುದು?

ವೀಕ್ಷಣಾಲಯದ ವೈಜ್ಞಾನಿಕ ಕೀರ್ತಿ ಬಂದದ್ದು ಜಾನ್ ಎವರ್ಶೆಡ್‌ನಿಂದ. 1907ರಲ್ಲಿ ಬಂದವನು 1909ರ ಜನವರಿಯಲ್ಲಿ ಸೂರ್ಯಕಲೆಯ ರೋಹಿತವನ್ನು ಪರೀಕ್ಷಿಸುವಾಗ, ಕಲೆಯ ಅಂಚಿನ ಮಸುಕು ಭಾಗದಲ್ಲಿ ಅನಿಲಗಳು ನಡುವಿನಿಂದ ಹೊರಕ್ಕೆ ಹರಿಯುತ್ತಿರುವುದನ್ನು ಕಂಡುಹಿಡಿದ. ಜಗತ್ತಿನ ಖಗೋಳ ಪುಸ್ತಕಗಳಲ್ಲಿ ಇದು "ಎವರ್ಶೆಡ್ ಪರಿಣಾಮ". ಅವನ ಹೆಂಡತಿ ಮೇರಿಯೂ ಸೂರ್ಯನ ಅಂಚಿನ ಜ್ವಾಲೆಗಳನ್ನು ಕುರಿತು ಅಧ್ಯಯನ ನಡೆಸಿದಳು. ಕವಿ ಡಾಂಟೆಯ ಕಾಲದ ಖಗೋಳಜ್ಞಾನವನ್ನು ಕುರಿತ ಅವಳ ಪುಸ್ತಕ 1913ರಲ್ಲಿ ಹೊರಬಂತು. ಇಪ್ಪತ್ತನೆಯ ಶತಮಾನದ ಮೊದಲ ದಶಕದಿಂದ ನೂರು ವರ್ಷ ದಿನದಿನವೂ ತೆಗೆದ ಸೂರ್ಯನ ಚಿತ್ರಗಳ ಗಾಜಿನ ಫಲಕಗಳು ಇಲ್ಲಿವೆ. ಇಷ್ಟು ದೀರ್ಘವಾದ ಸೂರ್ಯನ ದಿನಚರಿ ಲೋಕದಲ್ಲಿಯೇ ಅಪರೂಪ.

ಮಳೆಯ ಗುಟ್ಟು ಮಾತ್ರ ಸೂರ್ಯಕಲೆಯಲ್ಲಿ ಸಿಗಲಿಲ್ಲ. ಅದನ್ನು ತೋರಿಸಿಕೊಟ್ಟವನು ಬೇರೆ ಯಾರೂ ಅಲ್ಲ, ಈ ವೀಕ್ಷಣಾಲಯಕ್ಕೂ ಮೇಲಧಿಕಾರಿಯಾಗಿದ್ದ ಗಿಲ್ಬರ್ಟ್ ವಾಕರ್. 1904ರಿಂದ 1924ರವರೆಗೆ ಹವಾಮಾನ ಇಲಾಖೆಯ ಮುಖ್ಯಸ್ಥನಾಗಿದ್ದ ಈ ಗಣಿತಜ್ಞ, ನೂರಾರು ಊರುಗಳ ಮಳೆ, ಒತ್ತಡ, ಉಷ್ಣತೆಗಳ ಲೆಕ್ಕವನ್ನು ಗುಮಾಸ್ತರ ಪಡೆಯಿಂದ ಕೈಯಲ್ಲೇ ಮಾಡಿಸಿದ. ಸೂರ್ಯಕಲೆಗೂ ಮುಂಗಾರಿಗೂ ಮುನ್ಸೂಚನೆ ಕೊಡುವಷ್ಟು ನಂಬಿಕೆಯ ಸಂಬಂಧ ಕಾಣಲಿಲ್ಲ. ಆದರೆ ಶಾಂತಸಾಗರದ ಕಡೆ ವಾಯುಭಾರ ಏರಿದಾಗ ಹಿಂದೂ ಮಹಾಸಾಗರದ ಕಡೆ ಇಳಿಯುತ್ತದೆ, ಅಲ್ಲಿ ಇಳಿದಾಗ ಇಲ್ಲಿ ಏರುತ್ತದೆ ಎಂಬ ತಕ್ಕಡಿಯಂಥ ತೂಗಾಟವೊಂದು ಅವನ ಕಣ್ಣಿಗೆ ಬಿತ್ತು. ಅದಕ್ಕೆ "ದಕ್ಷಿಣದ ಆಂದೋಲನ" ಎಂಬರ್ಥದ ಹೆಸರಿಟ್ಟ. 1960ರ ದಶಕದಲ್ಲಿ ಬ್ಯರ್ಕ್‌ನೆಸ್ ಎಂಬ ವಿಜ್ಞಾನಿ ಇದನ್ನು ಪೆರು ದೇಶದ ಕರಾವಳಿಯ ನೀರು ಬಿಸಿಯೇರುವ ಎಲ್ ನಿನೋ ವಿದ್ಯಮಾನದೊಂದಿಗೆ ಜೋಡಿಸಿದ. ಧಾತು-ಈಶ್ವರದ ವರ್ಷಗಳಲ್ಲಿ ಶಾಂತಸಾಗರದಲ್ಲಿ ಬಹಳ ಪ್ರಬಲವಾದ ಎಲ್ ನಿನೋ ಇತ್ತೆಂದು ಈಗ ತಿಳಿದಿದೆ. ಮಳೆ ತಪ್ಪಿದ್ದರ ಮೂಲ ಕಡಲಿನಲ್ಲಿತ್ತು. ಜನ ಸತ್ತದ್ದರ ಮೂಲವನ್ನು ಹುಡುಕಲು ಅಷ್ಟು ದೂರ ಹೋಗಬೇಕಾಗಿರಲಿಲ್ಲ.

ವಿಚಿತ್ರವೆಂದರೆ ಸುಳ್ಳು ಆಸೆಯೊಂದರ ಮೇಲೆ ಕಟ್ಟಿದ ಮನೆಯಲ್ಲಿ ನಿಜವಾದ ಜ್ಞಾನ ಬೆಳೆಯಿತು. ಅದನ್ನು ನಾನು ಹಗುರಾಗಿ ಕಾಣಲಾರೆ. 1960ರಲ್ಲಿ ವೈನು ಬಪ್ಪು ಇಲ್ಲಿನ ನಿರ್ದೇಶಕರಾದರು. ಅವರ ಪ್ರಯತ್ನದಿಂದ 1971ರಲ್ಲಿ ಇದು ಹವಾಮಾನ ಇಲಾಖೆಯಿಂದ ಬಿಡಿಸಿಕೊಂಡು ಭಾರತೀಯ ಖಭೌತ ಸಂಸ್ಥೆಯಾಯಿತು. ಅದರ ಕೇಂದ್ರ ಈಗ ಬೆಂಗಳೂರಿನ ಕೋರಮಂಗಲದಲ್ಲಿದೆ. ನಾವು ಬೆಟ್ಟ ಹತ್ತುವುದಕ್ಕೆ ಕೆಲವೇ ದಿನ ಮೊದಲು, 2024ರ ಜನವರಿ 6ರಂದು, ಇಸ್ರೋದ ಆದಿತ್ಯ-ಎಲ್1 ನೌಕೆ ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರದ ತನ್ನ ಕಕ್ಷೆಯನ್ನು ಸೇರಿತ್ತು. ಅಲ್ಲಿ ಮೋಡವೂ ಇಲ್ಲ, ಸೂರ್ಯಾಸ್ತವೂ ಇಲ್ಲ. ಅದರ ಮುಖ್ಯ ಉಪಕರಣವಾದ ಸೂರ್ಯನ ಹೊರವಲಯವನ್ನು ನೋಡುವ ದೂರದರ್ಶಕವನ್ನು ರೂಪಿಸಿದ್ದು ಇದೇ ಸಂಸ್ಥೆ.

ಬಿಂಬ ಮುಳುಗಿದ ಮೇಲೆ ಜನ ಬೇಗಬೇಗನೆ ಕಾರುಗಳ ಕಡೆ ನಡೆದರು. ನಿಜವಾದ ಚೆಲುವು ಆಮೇಲೆಯೇ ಇತ್ತು. ಪೂರ್ವದಲ್ಲಿ ಭೂಮಿಯ ನೆರಳು ನೀಲಿ ಪಟ್ಟಿಯಾಗಿ ಮೇಲೇರಿತು, ಅದರ ಮೇಲೆ ನಸುಗೆಂಪಿನ ಅಂಚು. ಮೋಡದ ನೆಲ ಬೂದಿಬಣ್ಣಕ್ಕೆ ತಿರುಗಿತು. ಜೋಳ ಮಾರುವವನು ಉಳಿದ ಕೆಂಡಕ್ಕೆ ನೀರು ಚಿಮುಕಿಸಿದ. ಮೊಮ್ಮಗಳಿಗೆ ನಾನು ಮುತ್ತಜ್ಜಿಯ ಕಥೆಯನ್ನು ಅಲ್ಲಿಯೇ ಮೊದಲ ಬಾರಿಗೆ ಪೂರ್ತಿಯಾಗಿ ಹೇಳಿದೆ. ಹೊಸಕೋಟೆಯ ಕೆರೆ ಏರಿಯವರೆಗೆ ಬಂದಾಗ ಅವಳು ತಡೆದಳು.

"ಹೊಸಕೋಟೆಯೇ ತಾತ? ಆದಿತ್ಯದ ಆ ಉಪಕರಣ ಜೋಡಿಸಿದ್ದು ಅಲ್ಲೇ ಅಲ್ಲವೇ, ಅವರ ಹೊಸಕೋಟೆಯ ಪ್ರಯೋಗಶಾಲೆಯಲ್ಲಿ?"

ಹೌದು, ಅಲ್ಲೇ. ಅದು ನನಗೂ ಗೊತ್ತಿತ್ತು. ಪತ್ರಿಕೆಯಲ್ಲಿ ಓದಿದಾಗ ಎರಡನ್ನೂ ಒಟ್ಟಿಗೆ ಇಟ್ಟು ನೋಡಿರಲಿಲ್ಲ, ಅಷ್ಟೇ.

"ಆ ಹುಡುಗನ ಹೆಸರೇನು?" ಎಂದು ಕೇಳಿದಳು. ಗೊತ್ತಿಲ್ಲವೆಂದೆ. ಸೊನ್ನೆ ಕೊಟ್ಟ ಆ ವಿದ್ಯಾರ್ಥಿಯ ಹೆಸರು ಮಾತ್ರ ನನಗೆ ಚೆನ್ನಾಗಿ ನೆನಪಿದೆ. ಅದನ್ನು ಇಲ್ಲಿ ಬರೆಯುವುದು ಸರಿಯಲ್ಲ. ಊರಿಗೆ ಬಂದ ಮೇಲೆ ಹಳೆಯ ಸಹೋದ್ಯೋಗಿಗಳಿಂದ ಅವನ ದೂರವಾಣಿ ಸಂಖ್ಯೆ ಪಡೆದು ಮಾತನಾಡಿದೆ. ಅವನಿಗೂ ಈಗ ಐವತ್ತು ದಾಟಿದೆ. ಆ ಪರೀಕ್ಷೆಯ ನೆನಪೇ ಅವನಿಗಿರಲಿಲ್ಲ. "ನಮ್ಮವ್ವ ಹಂಗೆ ಹೇಳ್ತಿದ್ಲು ಸಾರ್, ಅದು ನೆನಪೈತೆ" ಎಂದ. ಎರಡು ಅಂಕ ಬಾಕಿ ಇದೆ ಎಂದೆ. ಜೋರಾಗಿ ನಕ್ಕ.

ಆ ಸಂಜೆ ಇಳಿಯುವಾಗ ನಮ್ಮ ಕಾರು ನಾವು ಮೇಲಿನಿಂದ ನೋಡಿದ್ದ ಮೋಡದೊಳಗೇ ಹೊಕ್ಕಿತು. ಎದುರಿಗೆ ಹತ್ತು ಮಾರು ದೂರವೂ ಕಾಣುತ್ತಿರಲಿಲ್ಲ. ಚಾಲಕ ಹಳದಿ ದೀಪ ಹಾಕಿ, ತಿರುವು ತಿರುವಿಗೂ ಹಾರನ್ನು ಒತ್ತುತ್ತ, ಬತ್ತಲಗುಂಡು ತಲಪುವ ಹೊತ್ತಿಗೆ ರಾತ್ರಿ ಒಂಬತ್ತಾಗಿತ್ತು. ಅಲ್ಲಿ ಸಣ್ಣಗೆ ಮಳೆ ಹನಿಯುತ್ತಿತ್ತು.